ಶಾಫ್ಟಿಗೆ ಮಾಡಿದ ಪೂಜೆ

ಕಬ್ಬಿಣಕ್ಕೆ ನೀರೂ ಗಾಳಿಯೂ ತಗುಲಿದರೆ ತುಕ್ಕು ಹಿಡಿಯುತ್ತದೆಂದು ಇಪ್ಪತ್ತೆರಡು ವರ್ಷ ಹೈಸ್ಕೂಲು ಮಕ್ಕಳಿಗೆ ಕಲಿಸಿದ್ದೇನೆ. ಕಲಿಸುವವನೂ ಅದನ್ನು ಕಲಿತಿರಬೇಕೆಂದು ಯಾರೂ ಕಟ್ಟುನಿಟ್ಟು ಮಾಡಿಲ್ಲ, ಅದು ನನ್ನ ಪುಣ್ಯ.

ಶೇಡಬಾಳದಲ್ಲಿರುವ ನನ್ನ ಹೆಂಡತಿಯ ತಮ್ಮ ಅಪ್ಪಾಸಾಬ ತನ್ನ ಟ್ರ್ಯಾಕ್ಟರ್ ಇಂಜಿನ್ನಿನ ಕ್ರ್ಯಾಂಕ್ ಶಾಫ್ಟನ್ನು ಅಥಣಿಯ ದಸ್ತಗೀರ ಮಿಸ್ತ್ರಿಗಳಲ್ಲಿ ಗ್ರೈಂಡಿಂಗ್ ಮಾಡಿಸಿ, ಎಣ್ಣೆ ಕಾಗದದಲ್ಲಿ ಸುತ್ತಿ, ಅದೇ ಊರಿನಲ್ಲಿರುವ ನಮ್ಮ ಮನೆಯಲ್ಲಿಟ್ಟು ಹೋಗಿದ್ದ. ಮರುದಿನ ಖಂಡೆಪೂಜೆ. ನಮ್ಮಲ್ಲಿ ಪೂಜೆಗಿರುವ ಆಯುಧಗಳೆಂದರೆ ಈಳಿಗೆ, ಇಕ್ಕಳ ಮತ್ತು ಒದ್ದರೂ ಶುರುವಾಗದ ಸ್ಕೂಟರು. ಕನ್ನಡಿಯ ಹಾಗೆ ಹೊಳೆಯುವ ಶಾಫ್ಟು ಕಂಡು ನನಗೆ ಆಸೆಯಾಯಿತು. ದೇವರ ಮುಂದೆ ಜಿಡ್ಡೇಕೆಂದು ಸೋಪು ಹಾಕಿ ತೊಳೆದೆ, ಕುಂಕುಮವಿಟ್ಟೆ, ಭಕ್ತಿ ಉಕ್ಕಿ ಕಾಯಿಯನ್ನೂ ಅದರ ಮೇಲೆಯೇ ಹಿಡಿದು ಒಡೆದೆ.

ಮೂರನೆಯ ದಿನ ಅಪ್ಪಾಸಾಬನ ಫೋನು: "ಮಾಮಾ, ನಾಕ ಗಂಟೇಕ ಮಿಸ್ತ್ರಿನ ಕರ್ಕೊಂಡ ಬರ್ತೇನಿ. ಇವತ್ತ ಫಿಟಿಂಗ್!" ಪೂಜೆಯ ನಂತರ ಹೊದಿಸಿದ್ದ ಬಟ್ಟೆ ಸರಿಸಿ ನೋಡಿದರೆ ಶಾಫ್ಟಿನ ತುಂಬ ಕಂದು ಚುಕ್ಕೆ. ಗಂಟೆ ಒಂದಾಗಿತ್ತು. ನಾನು ಉಸುಕಿನ ಕಾಗದ ಹುಡುಕಿದೆ. ಹೆಂಡತಿ ಹುಣಸೆಹಣ್ಣು ತಂದಳು. "ದೇವರ ಸಾಮಾನ ಇದರಾಗ ಹೊಳೀತಾವ, ಇದೇನ ದೊಡ್ಡದು?" ಎಂದಳು. ಪುಣ್ಯಕ್ಕೆ ಮಿಸ್ತ್ರಿಗಳಿಗೆ ಫೋನು ಮಾಡುವ ಬುದ್ಧಿ ಬಂತು.

"ಎರಡೂ ಮುಟ್ಟಬ್ಯಾಡ್ರಿ ಸರ!" ಎಂದು ಅವರು ಕೂಗಿದರು. "ಹುಳಿ ಕಬ್ಬಿಣ ತಿಂತೈತ್ರಿ. ಇದ ಕಡೀ ಸೈಜ್, ಮತ್ತ ಗ್ರೈಂಡಿಂಗ್ ಮಾಡಾಕ ಬರೂದಿಲ್ಲ, ಒಂದ ಗೀರ ಬಿತ್ತಂದ್ರ ಗುಜರಿಗೇ ಹಾಕೂದು. ಡೀಸೆಲ್ ಹಚ್ಚಿ ನೆನೀಲಿಕ್ಕ ಬಿಡ್ರಿ, ಮೆತ್ತನ್ನ ಅರಿವೀಲೆ ಸುತ್ತಲೂ ಹಗೂರಕ ಒರಸ್ರಿ. ಆಮ್ಯಾಲ ಉಗುರ ಆಡಿಸಿ ನೋಡ್ರಿ. ಉಗುರ ತಡೀತಂದ್ರ ಮುಗೀತು."

ಕಬ್ಬಿನ ಹಂಗಾಮು ಹೊಸ್ತಿಲಲ್ಲಿತ್ತು. ಆ ಟ್ರ್ಯಾಕ್ಟರ್ ನಿಂತರೆ ಅಪ್ಪಾಸಾಬನ ಇಡೀ ವರ್ಷ ನಿಂತಂತೆ. ನನ್ನ ಒಳ್ಳೆಯ ಧೋತರ ಹರಿದೆ. ಹೆಂಡತಿ ಪಕ್ಕದ ಮನೆಯಿಂದ ಡೀಸೆಲ್ ತಂದಳು. ಒರೆಸುವುದು, ಬಟ್ಟೆ ಬದಲಿಸುವುದು, ಮತ್ತೆ ಒರೆಸುವುದು. ಮೂರೂವರೆಗೆ ಚುಕ್ಕೆಗಳು ಹೋದವು. ಶಾಫ್ಟಿನ ಉದ್ದಕ್ಕೂ ಉಗುರು ಆಡಿಸಿದೆ. ಎಲ್ಲೂ ತಡೆಯಲಿಲ್ಲ. ಎಣ್ಣೆ ಸವರುವಷ್ಟರಲ್ಲಿ ಬಾಗಿಲಲ್ಲಿ ಅವರಿಬ್ಬರ ಚಪ್ಪಲಿ ಸದ್ದಾಯಿತು.

ಮಿಸ್ತ್ರಿಗಳು ಶಾಫ್ಟನ್ನು ಬೆಳಕಿಗೆ ತಿರುಗಿಸುತ್ತ ಹೋಗಿ ಒಂದು ಕಡೆ ನಿಂತರು. ಶಾಫ್ಟಿನೊಳಗೆ ಎಣ್ಣೆ ಹರಿಯುವ ತೂತಿನ ಬಾಯಲ್ಲಿ ಕೆಂಪು. ಅಪ್ಪಾಸಾಬನ ಮುಖ ಇಳಿಯಿತು. "ತುಕ್ಕೇನ್ರಿ?" ಮಿಸ್ತ್ರಿಗಳು ಬೆರಳಿಗೆ ಹತ್ತಿಸಿಕೊಂಡು ನೋಡಿ, ನನ್ನತ್ತ ಒಮ್ಮೆ ಕಣ್ಣು ಹಾಯಿಸಿ, "ಕುಂಕುಮ ಐತಿ ತಗೋಪಾ. ತೂತ ಡೀಸೆಲ್ಲೀಲೆ ತೊಳದ ಹಾಕಿದ್ರಾತು" ಎಂದರು.

"ಪೂಜಿ ಮಾಡೀರೇನ ಮಾಮಾ? ಅದಕ್ಕ ಇಷ್ಟ ಹೊಳಿಯಾಕತ್ತೈತಿ!" ಅಪ್ಪಾಸಾಬನ ಕಣ್ಣು ತುಂಬಿದವು. ಚೀಲದಿಂದ ತೆಂಗಿನಕಾಯಿ ತೆಗೆದು ನನ್ನ ಕೈಗಿಟ್ಟ. "ನಿಮ್ಮ ಕೈ ಚಲೋ ಐತ್ರಿ. ಇದನ್ನೂ ನೀವ ಒಡೀರಿ, ಶಾಫ್ಟಿನ ಮ್ಯಾಲೆ."

ನಾನು ಆ ಕಾಯಿ ಹಿಡಿದುಕೊಂಡು ಮೂರು ಮನೆ ದಾಟಿ ಓಡಿಹೋಗಿ, ಚರಂಡಿಯ ಕಟ್ಟೆಗೆ ಒಡೆದು ಬಂದೆ. ಹೊಸ್ತಿಲಲ್ಲಿ ನಿಂತಿದ್ದ ಹೆಂಡತಿ, ಒಳಗೆ ಬಿಡುವ ಮೊದಲು ನನ್ನ ಎರಡೂ ಕೈಗೆ ಹತ್ತಿದ್ದ ಕಾಯಿನೀರು ಒರೆಸಿಕೊಳ್ಳಲು ಹಚ್ಚಿದಳು.