ಭಾವ ಮಾಡಿದ ತಿರುಗುವ ಸಟ್ಟುಗ

ನನ್ನ ಭಾವನಿಗೆ ತಲೆ ಸರಿಯಿಲ್ಲ ಎನ್ನುವವರು ಸಿರಸಿ ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಸಂಗಡ ಜಗಳಕ್ಕೆ ಹೋಗುವ ಮುಖ ನನಗಿಲ್ಲ. ಯಾಕೆಂದರೆ ಆ ಮಾತನ್ನು ಮೊದಲು ಹುಟ್ಟಿಸಿದವಳು ನಾನೇ! ಗಾಡಿಯ ಗಾಜು ಒರೆಸುವ ವೈಪರಿನಿಂದ ಕೇಸರಿಬಾತು ಮಾಡಲು ಹೊರಟವರನ್ನು ಮತ್ತೇನೆಂದು ಕರೆಯಬೇಕು, ನೀವೇ ಹೇಳಿ?

ಭಾವ ಅಂದರೆ ನನ್ನ ಅಕ್ಕನ ಗಂಡ. ನಾನೀಗ ಇರುವುದು ಅವರ ಮನೆಯಲ್ಲೇ. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ಈಗ ನಿವೃತ್ತರು. ಡಿಪೋ ಬಿಟ್ಟರೂ ಡಿಪೋ ಅವರನ್ನು ಬಿಟ್ಟಿಲ್ಲ. ನಾನು ಎರಡು ಸಲ ಕೆಮ್ಮಿದರೆ ಸಾಕು, "ಕೂಸೆ, ಫಿಲ್ಟರ್ ಕಟ್ಟಿದ್ದು, ಕ್ಲೀನ್ ಮಾಡ್ಸವು" ಅನ್ನುತ್ತಾರೆ. ಒಮ್ಮೆ ಪಕ್ಕದ ಮನೆಯ ಮಗು ಅತ್ತದ್ದನ್ನು ಕೇಳಿ "ಬೆಲ್ಟ್ ಲೂಸಾಜು" ಎಂದಿದ್ದರು. ಮಗುವಿನ ಅಮ್ಮ ಒಂದು ತಿಂಗಳು ಮಾತು ಬಿಟ್ಟಿದ್ದಳು!

ಇನ್ನು ಅಕ್ಕ. ಅವಳ ಬಾಳೆಹಣ್ಣಿನ ಹಲ್ವ ಅಂದರೆ ಯಲ್ಲಾಪುರದಿಂದಲೂ ಆರ್ಡರು ಬರುತ್ತದೆ. ಹಲ್ವ ಮಾಡಿ ಗೊತ್ತಿದ್ದವರಿಗೆ ನಾನೇನು ಹೇಳಬೇಕಾದ್ದಿಲ್ಲ. ಮೂರು ತಾಸು ಒಲೆಯ ಎದುರು ನಿಂತು ಕೈಯಾಡಿಸುತ್ತಲೇ ಇರಬೇಕು. ಒಂದು ಗಳಿಗೆ ನಿಲ್ಲಿಸಿದರೆ ತಳ ಹಿಡಿಯಿತೇ! ಸಟ್ಟುಗವನ್ನು ಅಕ್ಕ ಯಾರ ಕೈಗೂ ಕೊಡುವವಳಲ್ಲ. ನನ್ನ ಕೈಗಂತೂ ಸುತರಾಂ ಇಲ್ಲ. ನಾನು ಲಂಗ ಹಾಕುವ ವಯಸ್ಸಿನಲ್ಲಿ ಯಾವುದೋ ಹಬ್ಬಕ್ಕೆ ಪಾಯಸ ಸೀಯಿಸಿದ್ದೆನಂತೆ. ಆ ಕಡತ ಇನ್ನೂ ಮುಗಿದಿಲ್ಲ.

ಭಾವನಿಗೆ ಇದ್ದದ್ದು ಒಂದೇ ಆಸೆ. ಹೆಂಡತಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಯಲ್ಲಾಪುರದ ಆಚೆಯ ಮಾಗೋಡು ಜಲಪಾತಕ್ಕೆ ಹೋಗಿಬರಬೇಕು. ಎಲ್ಲೆಲ್ಲಿಯವರೋ ಬಂದು ನೋಡಿಹೋಗುವ ಜಾಗ. ಭಾವ ಆ ದಾರಿಯ ಬಸ್ಸುಗಳನ್ನು ನೂರಾರು ಸಲ ರಿಪೇರಿ ಮಾಡಿದ್ದಾರೆ, ಕೆಟ್ಟು ನಿಂತದ್ದನ್ನು ಎಳೆದು ತಂದಿದ್ದಾರೆ. ಆದರೆ ಟಿಕೆಟು ತೆಗೆದು, ಹೆಂಡತಿಯ ಪಕ್ಕದಲ್ಲಿ ಕೂತು ಒಮ್ಮೆಯೂ ಹೋದವರಲ್ಲ.

"ನಾಳೆ ಮಾಗೋಡಿಗೆ ಹೋಪನನೇ? ಕಿಟಕಿ ಬದಿ ನೀನು, ಈಚೆ ಬದಿ ಆನು" ಎಂದು ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುವುದು.

"ಎಂತ ಹೇಳ್ತ್ರಿ ನೀವು! ಕೈ ಬಿಡಲೆ ಆಗ್ತಿಲ್ಲೆ, ತಳ ಹಿಡೀತು" ಎಂದು ಅಕ್ಕ ತಿರುಗಿಯೂ ನೋಡದೆ ಹೇಳುವುದು.

ಇದು ಮದುವೆಯಾದ ವರ್ಷದಿಂದ ನಡೆದು ಬಂದ ಸಂಭಾಷಣೆ. ಬೇರೆ ಗಂಡಸಾದರೆ ಸಿಟ್ಟು ಮಾಡುತ್ತಿದ್ದ, ಇಲ್ಲವೇ ಒಬ್ಬನೇ ಹೋಗುತ್ತಿದ್ದ. ನಮ್ಮ ಭಾವ ಗುಜರಿ ಅಂಗಡಿಗೆ ಹೋದರು! ಅಲ್ಲಿಂದ ಹಳೆಯ ಜೀಪಿನ ವೈಪರ್ ಮೋಟಾರು, ಅದಕ್ಕೊಂದು ಬ್ಯಾಟರಿ ತಂದು, ತುದಿಗೆ ಸಟ್ಟುಗ ಕಟ್ಟಿದರು.

ಮೊದಲ ಪ್ರಯೋಗ ನಡೆದದ್ದು ಸಾರಿನ ಮೇಲೆ. ವೈಪರು ಪಾಪ, ತನಗೆ ಗೊತ್ತಿದ್ದ ಕೆಲಸ ಮಾಡಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ! ಅರ್ಧ ಸಾರು ಗೋಡೆಗೆ, ಉಳಿದರ್ಧ ನನ್ನ ಹೊಸ ಸೀರೆಗೆ. "ಭಾವ, ಸಾರು ಮಾಡೂದ ಅಥವಾ ಗೋಡೆಗೆ ಬಣ್ಣ ಹೊಡೆಯೂದ?" ಎಂದು ಕೇಳಿದೆ. ಭಾವ ಗೋಡೆಯನ್ನೇ ನೋಡುತ್ತ, "ಸ್ಪೀಡು ಅಡ್ಡಿಲ್ಲೆ, ದಿಕ್ಕು ಸರಿ ಮಾಡವು" ಅಂದರು.

ದಿಕ್ಕು ಸರಿಯಾಯಿತು, ಸಟ್ಟುಗ ಗುಂಡಗೆ ತಿರುಗಿತು. ಅಷ್ಟರಲ್ಲಿ ದೊಡ್ಮನೆ ಊರಿನ ಕಡೆ ನೆಂಟರ ಒಂದು ಮದುವೆ ಬಂತು. ಭಾವ ಮಶಿನ್ನನ್ನು ಚೀಲದಲ್ಲಿ ಹಾಕಿಕೊಂಡೇ ಊಟಕ್ಕೆ ಬಂದರು! ಅಡುಗೆ ಭಟ್ಟರ ಕೈಕಾಲು ಹಿಡಿದು ಕೇಸರಿಬಾತಿನ ಪಾತ್ರೆಗೆ ಅದನ್ನು ಇಳಿಸಿದರು. ರವೆ ತೆಳ್ಳಗಿರುವ ತನಕ ಎಲ್ಲ ಚಂದ. ಗಟ್ಟಿಯಾಯಿತು ನೋಡಿ, ಸಟ್ಟುಗ ಬಾತಿನಲ್ಲಿ ಸಿಕ್ಕಿಕೊಂಡು ಪಾತ್ರೆಯೇ ಒಲೆಯ ಮೇಲೆ ಗರಗರ ತಿರುಗಲು ಹಿಡಿಯಿತು! ಹೆಂಗಸರು, ಮಕ್ಕಳು ಎಲ್ಲ ಓಡಿ ಬಂದರು. ಭಟ್ಟರು ಸೊಂಟಕ್ಕೆ ಕೈಕೊಟ್ಟು ನಿಂತು, "ಮಾರಾಯ್ರೆ, ಇನ್ನೊಂದು ಚೂರು ಜೋರು ಮಾಡಿ, ಮದುಮಕ್ಕಳ ಬದಲು ಇದೇ ಸಪ್ತಪದಿ ತುಳೀಲಿ" ಎಂದರು. ಅಕ್ಕ ಎರಡು ದಿನ ಭಾವನ ಸಂಗಡ ಮಾತಾಡಲಿಲ್ಲ.

ಭಾವ ಸೋಲುವ ಜಾತಿಯಲ್ಲ. ಪಾತ್ರೆ ಹಿಡಿಯಲು ಮೂರು ಕಾಲು ಬೆಸುಗೆ ಹಾಕಿಸಿದರು. ತಿರುಪು ಬಿಗಿದರೆ ಚಾ ಪಾತ್ರೆಗೂ ಸೈ, ಸಡಿಲಿಸಿದರೆ ಮದುವೆ ಕೊಪ್ಪರಿಗೆಗೂ ಸೈ. ಸಟ್ಟುಗ ಮೇಲೆ ಕೆಳಗೆ ಮಾಡಲು ಒಂದು ಹಿಡಿಕೆ, ವೇಗಕ್ಕೆ ಹಳೆಯ ಫ್ಯಾನಿನ ಗುಂಡಿ. ಬೀದಿಯವರೆಲ್ಲ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಅಂತೂ ಒಂದು ದಿನ ಎರಡು ಕಿಲೋ ಹಲ್ವ ತಳ ಹಿಡಿಯದೆ ಎದ್ದಿತು. ಅಕ್ಕ ತಳವನ್ನು ಉಗುರಿನಿಂದ ಕೆರೆದು ನೋಡಿ, ಬಾಯಿಗೆ ಹಾಕಿ, ಮತ್ತೊಮ್ಮೆ ಕೆರೆದು ನೋಡಿದಳು. ಕೊನೆಗೆ "ಆತು, ಬರೂ ರವಿವಾರ ಹೋಪನ" ಅಂದಳು. ಭಾವನ ಮುಖ ನೋಡಬೇಕಿತ್ತು! ಅವತ್ತೇ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದರು.

ರವಿವಾರ ಬೆಳಿಗ್ಗೆ ಆರ್ಡರಿನ ಹಲ್ವ ಒಲೆಯ ಮೇಲಿತ್ತು, ಮಶಿನ್ನು ತಿರುಗುತ್ತಿತ್ತು. ತುಪ್ಪ ಸುರಿಯಲು, ಕೊನೆಗೆ ಒಲೆ ಆರಿಸಲು ನನ್ನನ್ನು ಇಟ್ಟಿದ್ದರು. "ತಂಗಿ, ಸಟ್ಟುಗ ಮಾತ್ರ ಮುಟ್ಟಡ. ಮಶಿನ್ನಿಗೆ ಇಪ್ಪ ತಾಳ್ಮೆ ನಿಂಗಿಲ್ಲೆ" ಎಂದು ಅಕ್ಕ ಮೂರು ಸಲ ಹೇಳಿದಳು. ಗೇಟಿನ ತನಕ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಪಾತ್ರೆ ಇಣುಕಿದಳು. ನಾನೇ ರಟ್ಟೆ ಹಿಡಿದು ಹೊರಗೆ ದೂಡಿದೆ.

ಅವರು ಹೋಗಿ ಅರ್ಧ ತಾಸು ಆಗಿತ್ತೋ ಇಲ್ಲವೋ, ಬ್ಯಾಟರಿ ಸತ್ತಿತು! ಸಟ್ಟುಗ ಒಂದು ಸಲ ಗೊರ್ ಎಂದು ನಿಂತುಬಿಟ್ಟಿತು. ಫೋನು ಮಾಡಲೇ? ಮಾಡಿದರೆ ಅಕ್ಕ ಮುಂದಿನ ಸ್ಟಾಪಿನಲ್ಲೇ ಇಳಿದು ವಾಪಸು ಬರುವವಳು. ಆಮೇಲೆ ಈ ಜನ್ಮದಲ್ಲಿ ಹೊರಡುವವಳಲ್ಲ. ಫೋನು ಕೆಳಗಿಟ್ಟೆ. ಮಶಿನ್ನನ್ನು ಬಿಚ್ಚಿ ಬದಿಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಟ್ಟುಗ ಹಿಡಿದೆ.

ಎರಡೂವರೆ ತಾಸು ಕೈಯಾಡಿಸಿದೆ. ಭುಜ ಸೋತಿತು, ಅಂಗೈಯಲ್ಲಿ ಬೊಕ್ಕೆ ಎದ್ದಿತು. ಕೈಗೆ ಕೆಲಸ ಇದ್ದರೂ ಮನಸ್ಸಿಗೆ ಇರಲಿಲ್ಲ ನೋಡಿ, ಅದು ಸಿದ್ದಾಪುರದ ನನ್ನ ಮನೆಗೆ ಹೋಯಿತು. ನನ್ನವರೂ ದಿನಾ ಸಂಜೆ ಜಗಲಿಯಿಂದ ಕರೆಯುತ್ತಿದ್ದರು, "ಐದು ನಿಮಿಷ ಬಾರೇ ಇಲ್ಲಿ." ನಾನು ಒಳಗಿಂದಲೇ "ಬಂದೆ" ಅನ್ನುತ್ತಿದ್ದೆ. ಹೋಗುತ್ತಿರಲಿಲ್ಲ. ಒಲೆಯ ಮೇಲೆ ಏನಾದರೊಂದು ಇದ್ದೇ ಇರುತ್ತಿತ್ತು. ಕೊನೆಕೊನೆಗೆ ಅವರು ಕರೆಯುವುದನ್ನು ಬಿಟ್ಟರು. ಅಬ್ಬ, ಕಾಟ ತಪ್ಪಿತು ಎಂದುಕೊಂಡೆ ನಾನು! ಅವರು ತೀರಿಹೋಗಿ ನಾಲ್ಕು ವರ್ಷವಾಯಿತು. ಯಾತಕ್ಕೆ ಕರೆಯುತ್ತಿದ್ದರು ಎಂದು ಒಂದು ದಿನವಾದರೂ ಕೇಳಲಿಲ್ಲವಲ್ಲ ಎಂದು ಹಲ್ವದ ಎದುರು ನಿಂತು ಅತ್ತೆ. ಆದರೆ ಕೈ ನಿಲ್ಲಿಸಲಿಲ್ಲ.

ಸಂಜೆ ಇಬ್ಬರೂ ಬಂದರು. ಅಕ್ಕ ಚಪ್ಪಲಿ ಬಿಟ್ಟವಳೇ ಅಡುಗೆಮನೆಗೆ ಓಡಿ, ಹಲ್ವದ ಚೂರು ಬಾಯಿಗೆ ಹಾಕಿ, "ನೋಡ್ದ್ಯನೇ? ಮಶಿನ್ನು ಅಂದ್ರೆ ಇದು!" ಅಂದಳು. ನಾನು ಮತ್ತೆ ಜೋಡಿಸಿಟ್ಟಿದ್ದ ಮಶಿನ್ನಿನ ಹತ್ತಿರ ಭಾವ ಹೋಗಿ ಬ್ಯಾಟರಿಯ ಗುಂಡಿ ಒತ್ತಿದರು. ಅದು ಅಲ್ಲಾಡಲಿಲ್ಲ. ನನ್ನ ಅಂಗೈ ಕಡೆ ಒಮ್ಮೆ ನೋಡಿದರು. ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದು ನನ್ನ ಪಕ್ಕ ಇಟ್ಟರು.

"ಜಲಪಾತ ಹೆಂಗಿತ್ತೇ ಅಕ್ಕ?" ಎಂದು ಕೇಳಿದೆ.

"ಎಂತೂ ಕಾಣ್ಲಿಲ್ಲೆ. ಬರೀ ಮಂಜು. ನೀರು ಬೀಳೂ ಶಬ್ದ ಒಂದು ಕೇಳ್ತಿತ್ತು."

"ಹಂಗಾರೆ ಅಷ್ಟು ಹೊತ್ತು ಅಲ್ಲಿ ಎಂತ ಮಾಡಿದ್ರಿ?"

ಅಕ್ಕ ಭಾವನನ್ನು ನೋಡಿದಳು. ಇಷ್ಟು ವಯಸ್ಸಾದ ಮೇಲೆ ಅವಳಿಗೆ ನಾಚಿಕೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

"ಎಂತ ಇಲ್ಲೆ. ಇಬ್ರೂ ಸುಮ್ನೆ ಕೂತಿದ್ಯ" ಅಂದಳು.

ನಾನು ನೀರು ಕುಡಿಯುವ ನೆಪ ಮಾಡಿ ಒಳಗೆ ಎದ್ದು ಹೋದೆ. ನನ್ನವರು ಕರೆಯುತ್ತಿದ್ದದ್ದೂ ಇಷ್ಟಕ್ಕೇ.