ಸೊರಬದಲ್ಲಿ ಫ್ರೇಮು ನೋಡಿದ್ದು

ವಾಗ್ದೇವಿ: ಗಾಲಿ ಇಲ್ಲ, ಹ್ಯಾಂಡಲ್ ಇಲ್ಲ, ಚೈನಿಲ್ಲ. ಮತ್ತೆ ಏನು ನೋಡೋಕ್ರೀ ಶಿಕಾರಿಪುರದಿಂದ ಸೊರಬಕ್ಕೆ ಬಂದಿರೋದು?

ಶ್ರೀಕಾಂತ: ಫ್ರೇಮು ಕಣೇ! ಹಳೇ ಕಾಲದ ಸ್ಟೀಲಿನ ರೇಸ್ ಸೈಕಲ್ ಫ್ರೇಮು!

ವಾಗ್ದೇವಿ: ಬೆಳಿಗ್ಗೆ ಬರೀ ‘ಫ್ರೇಮು ನೋಡೋಕೆ ಹೋಗೋಣ’ ಅಂದ್ರಿ. ಸರಿ, ಕಟ್ಟು ಹಾಕಿಸ್ಕೊಂಡೇ ಬರೋಣ ಅಂತ ನಿಮ್ಮಪ್ಪನ ಫೋಟೋ ಬ್ಯಾಗಲ್ಲಿ ಇಟ್ಕೊಂಡು ಬಂದಿದೀನಿ.

ಶ್ರೀಕಾಂತ: ಒಳಗಿಡು, ಒಳಗಿಡು! ಅಪ್ಪಯ್ಯ ಇದನ್ನೆಲ್ಲ ನೋಡೋದು ಬೇಡ.

ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತ ಶ್ರೀಕಾಂತ ನಿಜವಾಗಿಯೂ ಬ್ಯಾಗಿನ ಕಡೆ ಅಳುಕಿನಿಂದ ನೋಡಿದ. ಅವನು ಶಿಕಾರಿಪುರದ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ, ಸ್ವಲ್ಪ ಮೈ ಬಗ್ಗಿಸಿ ಎಂದು ಡಾಕ್ಟರು ಹೇಳಿದ ಮೇಲೆ ಊರಿನ ಸೈಕಲ್ ಗುಂಪಿಗೆ ಸೇರಿಕೊಂಡಿದ್ದ. ತುಳಿದದ್ದು ಕಡಿಮೆ; ಹಾಸಿಗೆಯ ಮೇಲೆ ಬಿದ್ದುಕೊಂಡು ಸೈಕಲ್ಲಿನ ವಿಡಿಯೋ ನೋಡಿದ್ದೇ ಹೆಚ್ಚು. ಆ ಜ್ಞಾನವೆಲ್ಲ ಗುಂಪಿನಲ್ಲಿ ದಿನವೂ ಹೊರಬರುತ್ತಿತ್ತು. ಮುಂದಿನ ತಿಂಗಳು ಎಲ್ಲರೂ ಗುಡವಿಗೆ ಹಕ್ಕಿ ನೋಡಲು ಸೈಕಲ್ಲಿನಲ್ಲಿ ಹೋಗುವುದೆಂದು ನಿಶ್ಚಯವಾದಾಗ, “ನಂದು ಒಂದು ಅಪರೂಪದ್ದು ಬರ್ತಾ ಇದೆ” ಎಂದು ಬಾಯಿ ಬಿಟ್ಟಾಗಿತ್ತು. ಈಗ ಅಪರೂಪದ್ದು ಬರಲೇಬೇಕಿತ್ತು.

ಫ್ರೇಮು ಇದ್ದದ್ದು ನೀಲಾಂಬಿಕ ಅವರ ಮನೆಯಲ್ಲಿ. ಡ್ರಿಲ್ ಟೀಚರ್ ಆಗಿ ನಿವೃತ್ತರಾದ, ಒಳ್ಳೆ ಎತ್ತರದ ಹೆಂಗಸು. ಹಜಾರದಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ಫ್ರೇಮನ್ನು ಮಲಗಿಸಿದ್ದರು. ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ಶ್ರೀಕಾಂತನಿಗೆ ಕಂಡ ಕೂಡಲೇ ಮನಸ್ಸಾಯಿತು. ಆದರೆ ಆಸೆ ತೋರಿಸಿದರೆ ಬೆಲೆ ಏರುತ್ತದೆಂದು ವಿಡಿಯೋದಲ್ಲಿ ಹೇಳಿದ್ದರಿಂದ ಮುಖ ಸಿಂಡರಿಸಿದ.

ನೀಲಾಂಬಿಕ: ಯಾಕ್ರಿ, ಹೊಟ್ಟೆ ನೋವಾ? ಮಜ್ಜಿಗೆ ತರ್ಲಾ?

ಶ್ರೀಕಾಂತ: ಅಲ್ಲಮ್ಮ, ಪರೀಕ್ಷೆ ಮಾಡ್ತಿದೀನಿ.

ಅವನು ಜೇಬಿನಿಂದ ಜೋಗದ ಚಿತ್ರವಿದ್ದ ಅಯಸ್ಕಾಂತ ತೆಗೆದು ಪೈಪಿಗೆ ಹಿಡಿದ. ಟಕ್ಕೆಂದು ಅಂಟಿತು.

ಶ್ರೀಕಾಂತ: ಸ್ಟೀಲು!

ನೀಲಾಂಬಿಕ: ಸ್ಟೀಲೇ ಅಂತ ಫೋನಲ್ಲೇ ಹೇಳಿದ್ನಲ್ರಿ.

ವಾಗ್ದೇವಿ: ಅದು ನಮ್ಮ ಫ್ರಿಜ್ಜಿಂದಲ್ವಾ? ಗ್ಯಾಸ್ ಚೀಟಿ ಎಲ್ಲಿ ಬಿತ್ತೋ ಅಂತ ಬೆಳಿಗ್ಗೆಯಿಂದ ಹುಡುಕ್ತಿದೀನಿ!

ಶ್ರೀಕಾಂತ ಕೇಳಿಸದವನಂತೆ ನೆಲಕ್ಕೆ ಬಗ್ಗಿ, ಮೊಬೈಲಿನ ಟಾರ್ಚು ಹಾಕಿ, ಪೆಡಲ್ ಕೂರುವ ತೂತಿನೊಳಗೆ ತುಕ್ಕು ಹುಡುಕಿದ. ಮುಂದಿನ ಪೈಪಿನ ಕೆಳಗೆ ಬೆರಳಾಡಿಸಿ ಉಬ್ಬು ಇದೆಯೇ ಎಂದು ಸವರಿದ. ಏನೂ ಸಿಗಲಿಲ್ಲ. ತಪ್ಪು ಸಿಗದಿದ್ದರೆ ತಜ್ಞನಿಗೆ ಏನು ಕೆಲಸ?

ಶ್ರೀಕಾಂತ: ನಿಜ ಹೇಳಿ, ಯಾವತ್ತಾದ್ರೂ ಬಿದ್ದಿದ್ಯಾ?

ನೀಲಾಂಬಿಕ: ಒಂದ್ಸಲ. ಚಂದ್ರಗುತ್ತಿ ಇಳಿಜಾರಲ್ಲಿ. ಮುರದೇ ಹೋಯ್ತು.

ಶ್ರೀಕಾಂತ: ನೋಡ್ದೇನೇ! ಎಲ್ಲಿ ಮುರೀತಮ್ಮ?

ನೀಲಾಂಬಿಕ: ಕೆಳಗಡೆ. ಎಡಗಡೀದು.

ಶ್ರೀಕಾಂತ: ಎಡಗಡೆ ಕೆಳಗಿನ ಪೈಪು! ಬೆಸುಗೆ ಯಾರು ಹಾಕಿದ್ರು?

ನೀಲಾಂಬಿಕ: ಬೆಸುಗೆ ಯಾಕ್ರಿ? ಡಾಕ್ಟ್ರು ಪ್ಲಾಸ್ಟರ್ ಹಾಕಿದ್ರು.

ಶ್ರೀಕಾಂತ: ಫ್ರೇಮಿಗೆ ಪ್ಲಾಸ್ಟರಾ?

ನೀಲಾಂಬಿಕ: ನನ್ ಕಾಲಿಗೆ ಮಾರಾಯ್ರೆ! ಫ್ರೇಮಿಗೆ ಏನಾಗೈತೆ, ಕಲ್ಲುಗುಂಡು ಇದ್ದಂಗೈತೆ.

ಶ್ರೀಕಾಂತ: ನಿಮ್ಮ ಕಾಲು… ಅಂದ್ರೆ ಇದು ನಿಮ್ಮ ಯಜಮಾನರ ಸೈಕಲ್ ಅಲ್ವಾ?

ನೀಲಾಂಬಿಕ: ಅವರಿಗೆ ಸೈಕಲ್ ಹಿಡ್ಕೊಳ್ಳೋಕಷ್ಟೇ ಬರ್ತಿತ್ತು. ನಾನು ಹತ್ತೋವಾಗ ಹಿಡ್ಕೊಳ್ಳೋರು. ಜಿಲ್ಲಾ ರೇಸಲ್ಲಿ ಗೆದ್ದಿದ್ದು ನಾನು.

ವಾಗ್ದೇವಿ ಖುರ್ಚಿ ಮುಂದಕ್ಕೆಳೆದುಕೊಂಡು ಕೂತಳು. ಶ್ರೀಕಾಂತ ಪೆಚ್ಚಾದ. ಆದರೆ ಅವನ ಬಳಿ ಕೊನೆಯ ಅಸ್ತ್ರವೊಂದಿತ್ತು: ದಾರ. ಹಿಂದಿನ ಗಾಲಿ ಕೂರುವ ಒಂದು ಕೊಕ್ಕೆಯಿಂದ ಮುಂದಿನ ಪೈಪನ್ನು ಬಳಸಿ, ಇನ್ನೊಂದು ಕೊಕ್ಕೆಗೆ ದಾರ ಬಿಗಿದ. ನಡುವಿನ ಪೈಪಿಗೂ ದಾರಕ್ಕೂ ಎರಡೂ ಕಡೆ ಸಮ ಅಂತರವಿದ್ದರೆ ಫ್ರೇಮು ನೇರ. ಅವನು ಸ್ಕೇಲು ಹಿಡಿದ. ಮುಖ ಅರಳಿತು.

ಶ್ರೀಕಾಂತ: ವಾರೆ! ವಾರೆ ಇದೆ ಕಣ್ರೀ! ಬಲಗಡೆ ಜಾಸ್ತಿ!

ನೀಲಾಂಬಿಕ: ಬಲಗಡೆ ದಾರದೊಳಗೆ ನಿಮ್ಮ ಹೆಬ್ಬೆಟ್ಟು ಸಿಕ್ಕೊಂಡೈತೆ. ಅದನ್ನ ತೆಗದು ನೋಡ್ರಿ.

ತೆಗೆದು ನೋಡಿದ. ಎರಡೂ ಕಡೆ ಕೂದಲೆಳೆ ವ್ಯತ್ಯಾಸವಿರಲಿಲ್ಲ. ವಾಗ್ದೇವಿ ಸೆರಗನ್ನು ಬಾಯಿಗಿಟ್ಟುಕೊಂಡು ಅಂಗಳದ ಕಡೆ ತಿರುಗಿದಳು.

ನೀಲಾಂಬಿಕ: ನೀವು ನೋಡಿದ್ದಾಯ್ತಲ್ಲ, ಈಗ ನಾನು ನೋಡ್ತೀನಿ. ನಿಂತ್ಕೊಳ್ರಿ ಇದರ ಮೇಲೆ, ಆಕಡೆಗೊಂದು ಕಾಲು ಈಕಡೆಗೊಂದು ಕಾಲು ಹಾಕಿ.

ಶ್ರೀಕಾಂತ: ನನ್ನನ್ಯಾಕೆ ನೋಡ್ಬೇಕು?

ನೀಲಾಂಬಿಕ: ಗೋಡೆಗೆ ತೂಗುಹಾಕೋರಿಗೆ ನಾನು ಕೊಡಲ್ಲ. ತುಳಿಯೋರಿಗೆ ಮಾತ್ರ.

ನೀಲಾಂಬಿಕ ಫ್ರೇಮನ್ನು ಗಾಲಿ ಹಾಕಿದರೆ ಎಷ್ಟು ಎತ್ತರ ಬರುತ್ತದೋ ಅಷ್ಟಕ್ಕೆ ಎತ್ತಿ ಹಿಡಿದರು. ಶ್ರೀಕಾಂತ ಕಾಲು ದಾಟಿಸಿದ. ಮೇಲಿನ ಪೈಪು ಎಲ್ಲಿ ತಾಗಬಾರದೋ ಅಲ್ಲಿಗೆ ತಾಗಿತು. ಅವನು ತುದಿಗಾಲಲ್ಲಿ ನಿಂತ.

ನೀಲಾಂಬಿಕ: ಹಿಮ್ಮಡಿ ಇಳಿಸ್ರಿ.

ಶ್ರೀಕಾಂತ: ಇಳಿಸಿದೀನಲ್ಲ.

ವಾಗ್ದೇವಿ: ಇಲ್ಲ ಕಣ್ರೀ, ಚಪ್ಪಲಿ ಮಾತ್ರ ನೆಲದ ಮೇಲಿದೆ.

ಶ್ರೀಕಾಂತ: ಉಸಿರು ಬಿಗಿ ಹಿಡಿದ್ರೆ… ಸರಿಹೋಗುತ್ತೆ…

ನೀಲಾಂಬಿಕ: ಫೋನಲ್ಲಿ ಹೇಳಿದ್ರಲ್ಲ, ಆ ಗುಡವಿ ತನಕ ಉಸಿರು ಹಿಡೀತೀರಾ? ಇಳೀರಿ. ಅಮ್ಮಾ, ನೀವು ಬನ್ನಿ ನೋಡಾಣ.

ವಾಗ್ದೇವಿ ಗಂಡನಿಗಿಂತ ಒಂದು ಗೇಣು ಎತ್ತರ. ಮದುವೆಯ ಫೋಟೋದಿಂದ ಹಿಡಿದು ಎಲ್ಲ ಫೋಟೋದಲ್ಲೂ ಶ್ರೀಕಾಂತ ಅವಳನ್ನು ಕೂರಿಸಿ ತಾನು ಪಕ್ಕದಲ್ಲಿ ನಿಂತವನು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆಯನ್ನು ತುಸು ಎತ್ತಿ, ದಿನಾ ಮಾಡುವ ಕೆಲಸವೆಂಬಂತೆ ಕಾಲು ದಾಟಿಸಿದಳು. ಎರಡೂ ಪಾದ ನೆಲಕ್ಕೆ ಗಟ್ಟಿಯಾಗಿ ಊರಿದವು. ಇಲ್ಲದ ಹ್ಯಾಂಡಲ್ಲಿನ ಜಾಗಕ್ಕೆ ಕೈ ತಾನಾಗಿ ಹೋಯಿತು.

ನೀಲಾಂಬಿಕ: ಹ್ಯಾಂಡಲ್ ಹಿಡಿದಿರೋ ಕೈ ಇದು. ಎಲ್ಲಿ ಕಲಿತ್ರಿ?

ವಾಗ್ದೇವಿ: ತವರಲ್ಲಿ, ಕುಪ್ಪಗಡ್ಡೇಲಿ. ಅಣ್ಣನ ಸೈಕಲ್ಲು. ಕೆರೆ ಏರಿ ಮೇಲೆ ಅವನನ್ನೇ ಹಿಂದೆ ಕೂರಿಸ್ಕೊಂಡು ಹೊಡೀತಿದ್ದೆ.

ಶ್ರೀಕಾಂತ: ನೀನು ಸೈಕಲ್ ಹೊಡೀತಿದ್ಯಾ? ನಂಗೆ ಹೇಳೇ ಇಲ್ಲ!

ವಾಗ್ದೇವಿ: ನೀವು ಕೇಳಿದ್ರಲ್ವಾ ಹೇಳೋದು? ಮದುವೆ ಆದ ಹೊಸತರಲ್ಲಿ ಒಂದ್ಸಲ ಹತ್ತಿದ್ದೆ. ಮೇಷ್ಟ್ರ ಹೆಂಡತಿಗೆ ಇದೆಲ್ಲ ಯಾಕೆ ಅಂದ್ರು ಅತ್ತೆ. ಇಳಿದೆ. ಅಷ್ಟೇ.

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಅದಕ್ಕೇ ಶ್ರೀಕಾಂತನಿಗೆ ಜಾಸ್ತಿ ನಾಟಿತು. ಫ್ರೇಮಿನ ತೂತುಗಳನ್ನೆಲ್ಲ ಟಾರ್ಚು ಹಾಕಿ ನೋಡಿದವನು, ಇಷ್ಟು ವರ್ಷ ಎದುರಿಗೇ ಕೂತು ಊಟ ಮಾಡಿದವಳನ್ನು ಕಣ್ಣುಬಿಟ್ಟು ನೋಡಿರಲಿಲ್ಲ. ತಜ್ಞ ಅಂತೆ, ತಜ್ಞ!

ಶ್ರೀಕಾಂತ: ಕೊಡಿ ಅಮ್ಮ. ಫ್ರೇಮು ಚೆನ್ನಾಗಿದೆ. ಇವಳಿಗೇ ಕೊಡಿ.

ನೀಲಾಂಬಿಕ: ನಾನಾಗ್ಲೇ ಕೊಟ್ಟಾಯ್ತು. ನಿಮ್ಮ ಅಪ್ಪಣೆ ಯಾರು ಕೇಳಿದ್ರು? ನಿಮ್ಮ ಕೆಲಸ ದುಡ್ಡು ಕೊಡೋದು.

ವಾಪಸು ಹೊರಟಾಗ ವಾಗ್ದೇವಿ ಫ್ರೇಮನ್ನು ಹೆಗಲಿಗೆ ಸಿಕ್ಕಿಸಿಕೊಂಡು ಹಿಂದೆ ಕೂತಿದ್ದಳು. ಸೊರಬ ದಾಟುವ ಮೊದಲೇ ಅವಳು ಶುರುಮಾಡಿದಳು: ಗಾಲಿ ಯಾವುದು ಹಾಕ್ಸೋದು, ಬ್ರೇಕ್ ಎಲ್ಲಿ ಸಿಗುತ್ತೆ, ಚೂಡಿದಾರ್ ಹೊಲಿಸ್ಬೇಕು, ಗುಡವಿಗೆ ಎಷ್ಟು ಹೊತ್ತಿಗೆ ಹೊರಡೋದು.

ಶ್ರೀಕಾಂತ: ಎಲ್ಲ ಸರಿ. ಒಂದು ಕ್ಯಾರಿಯರ್ರೂ ಹಾಕ್ಸಿಬಿಡು.

ವಾಗ್ದೇವಿ: ರೇಸ್ ಸೈಕಲ್ಲಿಗೆ ಕ್ಯಾರಿಯರ್ರಾ? ಯಾತಕ್ರೀ?

ಶ್ರೀಕಾಂತ: ಮತ್ತೆ? ನಾನು ಗುಡವಿಗೆ ಬರೋದು ಬೇಡ್ವಾ?