ನಾನೇ ಎಣ್ಣೆ ಬದಲಿಸಿದ್ದು

ಮನುಷ್ಯನಿಗೆ ತನ್ನ ಕಸುಬೊಂದನ್ನು ಬಿಟ್ಟು ಉಳಿದೆಲ್ಲರ ಕಸುಬೂ ಸುಲಭವಾಗಿ ಕಾಣುತ್ತದೆ. ಹೊಸಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿರುವ ನಾನು, ನೆರೆಯವರ ಮಾತು ಕೇಳಿ ಮಾತ್ರೆ ಕೊಳ್ಳಲು ಬಂದವರಿಗೆ ದಿನವೂ ಬುದ್ಧಿ ಹೇಳುತ್ತೇನೆ. ಅಂಥ ನಾನೇ ನೆರೆಯವರ ಮಾತು ಕೇಳಿ ಕಾರಿನ ಎಣ್ಣೆ ಬದಲಿಸಿದೆ.

ಕಾರಿಗೆ ಇಪ್ಪತ್ತೆರಡು ವರ್ಷ. ಅದನ್ನು ಸಾಕಿದವನು ಮೆಕ್ಯಾನಿಕ್ ವಿರೂಪಣ್ಣ. ನಾನು ಬರೀ ಓಡಿಸಿದವನು. ನಮ್ಮ ಮನೆಗೆ ಬಂದರೆ ಊಟ ಮಾಡಿಯೇ ಹೋಗುವಷ್ಟು ಸಲಿಗೆ ಅವನಿಗೆ. ಒಂದು ದಿನ ಪಕ್ಕದ ಮನೆಯ ಶರಣಪ್ಪನವರು, ಕಂಪ್ಲಿಯಲ್ಲಿ ರೈಸ್ ಮಿಲ್ ನಡೆಸುವವರು, ತಾವು ಹೊಸ ಕಾರು ಕೊಂಡ ಹುಮ್ಮಸ್ಸಿನಲ್ಲಿ, “ಇನ್ನೂ ಆ ಗಟ್ಟಿ ಎಣ್ಣಿನೇ ಹಾಕಿಸ್ತೀರೇನ್ರಿ? ಈಗೆಲ್ಲಾ ತೆಳ್ಳಗಿನ ಸಿಂಥೆಟಿಕ್. ನಿಮ್ಮ ಮೆಕ್ಯಾನಿಕ್ ಅಗ್ಗದ್ದು ಹಾಕಿ ನಿಮ್ಮನ್ನ ಮಂಗ್ಯಾ ಮಾಡ್ಯಾನ” ಎಂದರು. ಮಂಗನಾಗುವುದು ನನಗೆ ಹೊಸದಲ್ಲ. ಅದನ್ನು ಬೇರೆಯವರು ಗುರುತಿಸಿದ್ದು ಸಹಿಸಲಾಗಲಿಲ್ಲ. ನೆಟ್ಟಗೆ ಗ್ಯಾರೇಜಿಗೆ ಹೋಗಿ, ನಾಲ್ಕು ಗಿರಾಕಿಗಳ ಎದುರಿಗೇ, “ಇಷ್ಟು ವರ್ಷ ನಮಗ ಎಂಥಾ ಎಣ್ಣಿ ಹಾಕ್ಕೋತ ಬಂದಿ ವಿರೂಪಣ್ಣ? ಖರೇ ಹೇಳು” ಎಂದುಬಿಟ್ಟೆ. ಅವನು ಕೈ ಒರೆಸಿಕೊಳ್ಳುತ್ತಾ, “ಹಳೇ ಎಂಜಿನ್ ಐತ್ರಿ ಅಣ್ಣಾರ. ತೆಳ್ಳಗಿಂದು ಹಾಕಿದ್ರ ಕುಡುದು ಬಿಡ್ತೈತಿ” ಎಂದಷ್ಟೇ ಹೇಳಿದ. ಉತ್ತರ ಇಷ್ಟು ಚಿಕ್ಕದಿದೆಯೆಂದರೆ ಕಳ್ಳತನವೇ ಇರಬೇಕು ಎಂದುಕೊಂಡೆ.

ಭಾನುವಾರ ದುಬಾರಿ ಡಬ್ಬಿ ತಂದು, ಫೋನಿನಲ್ಲಿ ವಿಡಿಯೊ ನೋಡುತ್ತಾ ಕಾರಿನ ಕೆಳಗೆ ನುಸುಳಿದೆ. ವಿಡಿಯೊದಲ್ಲಿ ಒಂದೇ ಬೋಲ್ಟು ಕಾಣುತ್ತಿತ್ತು. ನನ್ನ ಕಾರಿಗೆ ಎರಡಿದ್ದವು. ಕೈಗೆ ಸುಲಭವಾಗಿ ಸಿಕ್ಕಿದ್ದನ್ನು ಬಿಚ್ಚಿದೆ. ಕಪ್ಪಗೆ ಬರಬೇಕಿದ್ದ ಎಣ್ಣೆ ಜೇನಿನ ಬಣ್ಣದಲ್ಲಿ ಇಳಿಯಿತು. ಅನುಮಾನ ಬರಬೇಕಿತ್ತು, ಬರಲಿಲ್ಲ. ನನ್ನ ಅನುಮಾನವನ್ನೆಲ್ಲ ವಿರೂಪಣ್ಣನ ಮೇಲೆ ಖರ್ಚು ಮಾಡಿಯಾಗಿತ್ತು. ಬೋಲ್ಟು ಬಿಗಿದು, ಮೇಲಿನಿಂದ ಎಂಜಿನ್ನಿಗೆ ಡಬ್ಬಿಯನ್ನು ಪೂರ್ತಿ ಸುರಿದೆ. ಕಾರು ನೀಲಿ ಹೊಗೆ ಬಿಟ್ಟಾಗ ಹೆಂಡತಿ ಸುಮಂಗಲಾ, “ಇದೇನ್ರಿ ಹಿಂಗ?” ಎಂದಳು. “ಹೊಸಾ ಎಣ್ಣಿ, ಹೊಂದ್ಕೋಬೇಕು” ಎಂದೆ.

ಮಾರನೆಯ ದಿನ ಸಂಡೂರಿನಲ್ಲಿ ಅವಳ ತಂಗಿಯ ಮಗುವಿನ ತೊಟ್ಟಿಲ ಕಾರ್ಯ. ಘಾಟಿ ಏರುವಾಗ ಕಾರು ನರಳತೊಡಗಿತು. ಆಮೇಲೆ ಕಬ್ಬಿಣ ಅರೆಯುವಂಥ ಸದ್ದು ಮಾಡಿ ನಿಂತೇಬಿಟ್ಟಿತು. ಹಿಂದೆ ಅದಿರಿನ ಲಾರಿಗಳ ಹಾರ್ನು. ಫೋನು ಮಾಡಲು ನನಗೆ ಮುಖವಿರಲಿಲ್ಲ. ವಿರೂಪಣ್ಣನನ್ನು ಕರೆದವಳು ಸುಮಂಗಲಾ. ಅವನು ಬೈಕಿನಲ್ಲಿ ಬಂದ. ಕೆಂಪು ಧೂಳಿನಲ್ಲಿ ಅಂಗಾತ ಮಲಗಿ ನೋಡಿ ಎದ್ದು, ಅವಳಿಗೆ ಕೇಳಿಸದಂತೆ, “ಎಂಜಿನ್ನಿಂದಲ್ರಿ, ಗೇರ್‌ಬಾಕ್ಸಿನ ಎಣ್ಣಿ ಇಳಿಸೀರಿ. ಎಂಜಿನ್ನಿಗೆ ಎರಡರಷ್ಟು ಆಗೈತಿ, ಗೇರ್‌ಬಾಕ್ಸಿಗೆ ಒಂದ್ ಹನಿ ಇಲ್ಲ” ಎಂದ. ಸುಮಂಗಲಾ ಹತ್ತಿರ ಬಂದು ಏನಾಗಿದೆಯೆಂದು ಕೇಳಿದಾಗ, “ಗೇರ್‌ಬಾಕ್ಸ್‌ಗೆ ಮುಪ್ಪಾಗಿತ್ರಿ ಅಕ್ಕಾರ. ಯಾರ ತಪ್ಪೂ ಅಲ್ಲ” ಎಂದ. ನಾನು ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದೆ.

ಕಾರು ರಿಪೇರಿಯಾಯಿತು. ಕ್ಷಮೆ ಕೇಳಬೇಕೆಂದು ಮೂರು ಸಲ ಗ್ಯಾರೇಜಿಗೆ ಹೋದೆ. ಮೂರು ಸಲವೂ ಗಿರಾಕಿಗಳಿದ್ದರು, ಎಲ್ಲರೆದುರು ಹೇಗೆ ಕೇಳುವುದೆಂದು ವಾಪಸು ಬಂದೆ. ವಿರೂಪಣ್ಣ ನಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾನೆ. ಈಗ ಎಣ್ಣೆ ಬದಲಿಸುವಾಗೆಲ್ಲ ಸೀಲು ಒಡೆಯದ ಡಬ್ಬಿಯನ್ನು ನನ್ನ ಮುಂದೆ ಹಿಡಿದು, “ಓದ್ಕೋರಿ ಅಣ್ಣಾರ” ಎನ್ನುತ್ತಾನೆ. ದನಿಯಲ್ಲಿ ಕೋಪವಿಲ್ಲ, ಕೊಂಕೂ ಇಲ್ಲ. ಅಕ್ಷರಗಳು ಸಣ್ಣವು, ನನ್ನ ಕನ್ನಡಕ ಅಂಗಡಿಯಲ್ಲಿರುತ್ತದೆ. ಆದರೂ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದವನಂತೆ ನಟಿಸಿ, ಸರಿಯಿದೆ ಎನ್ನುತ್ತೇನೆ.